ಬಿಲ್ ಹಾಕೋ ಸಾಫ್ಟ್‌ವೇರ್ ಅಲ್ಲ, ಬೀಗದ ಕೈ ಗೊಂಚಲು!

ಪುಟ್ಟ ವೆಬ್ ಹೋಸ್ಟಿಂಗ್ ಕಂಪನಿ ನಡೆಸುವ ಮಹಿಳೆಯರೇ, ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಬೆಲೆ ಮಾತ್ರ ನೋಡಬೇಡಿ. ಒಳಗೆ ಯಾರು ಬರಬಹುದು, ನಾಳೆ ನೀವು ಹೇಗೆ ಹೊರಗೆ ಬರಬಹುದು ಅನ್ನೋದನ್ನೂ ನೋಡಿ.

ಹಪ್ಪಳ, ಸಂಡಿಗೆ, ಟೈಲರಿಂಗ್ ಜತೆಗೆ ಈಗ ಮನೆಯಿಂದಲೇ ಮಾಡಬಹುದಾದ ಉದ್ಯೋಗಗಳ ಪಟ್ಟಿ ದೊಡ್ಡದು. ಅದರಲ್ಲಿ ವೆಬ್ ಹೋಸ್ಟಿಂಗ್ ಕೂಡ ಒಂದು. ಏನಿದು ಅಂತೀರಾ? ಸರಳವಾಗಿ ಹೇಳಬೇಕೆಂದರೆ ಇದು ಬಾಡಿಗೆ ವ್ಯವಹಾರ. ದೊಡ್ಡ ಕಂಪನಿಯೊಂದರಿಂದ ಸರ್ವರ್‌ನಲ್ಲಿ ಒಟ್ಟಾಗಿ ಜಾಗ ತೆಗೆದುಕೊಂಡು, ಅದನ್ನು ಸಣ್ಣ ಸಣ್ಣ ಭಾಗ ಮಾಡಿ ಊರಿನ ಶಾಲೆ, ಕ್ಲಿನಿಕ್, ಸೀರೆ ಅಂಗಡಿ, ಹೋಂ ಸ್ಟೇಗಳ ವೆಬ್‌ಸೈಟ್‌ಗಳಿಗೆ ವರ್ಷದ ಲೆಕ್ಕದಲ್ಲಿ ಕೊಡುವುದು. ಜತೆಗೆ ಡೊಮೈನ್ ಹೆಸರು ನೋಂದಾಯಿಸಿಕೊಡುವುದು, ಇ-ಮೇಲ್ ವ್ಯವಸ್ಥೆ ಮಾಡಿಕೊಡುವುದು. ದೊಡ್ಡ ಆಫೀಸ್ ಬೇಡ. ಒಂದು ಕಂಪ್ಯೂಟರ್, ಒಳ್ಳೆ ಇಂಟರ್‌ನೆಟ್, ತಾಳ್ಮೆ ಇದ್ದರೆ ಶುರು ಮಾಡಬಹುದು.

ಮೊದಲ ಇಪ್ಪತ್ತು, ಮೂವತ್ತು ಗ್ರಾಹಕರ ತನಕ ಎಲ್ಲಾ ಸಲೀಸು. ಒಂದು ನೋಟ್‌ಬುಕ್ಕು, ಒಂದು ಎಕ್ಸೆಲ್ ಹಾಳೆ ಸಾಕು. ಆಮೇಲೆ ಶುರುವಾಗುತ್ತೆ ನೋಡಿ ಪಜೀತಿ. ಯಾರ ಡೊಮೈನ್ ಯಾವತ್ತು ಮುಗಿಯುತ್ತೆ, ಯಾರು ಅರ್ಧ ಹಣ ಕೊಟ್ಟಿದ್ದಾರೆ, ಯಾರಿಗೆ ರಸೀದಿ ಹೋಗಿಲ್ಲ ಅನ್ನೋದೆಲ್ಲ ತಲೆಯಲ್ಲೇ ಇಟ್ಟುಕೊಳ್ಳೋಕೆ ಆಗೋದಿಲ್ಲ. ಒಂದು ದಿನಾಂಕ ಕಣ್ತಪ್ಪಿದರೆ ಸಾಕು, ಪರೀಕ್ಷೆ ಫಲಿತಾಂಶದ ದಿನವೇ ಶಾಲೆಯ ವೆಬ್‌ಸೈಟ್ ಮಾಯ! ಗ್ರಾಹಕರ ಸಿಟ್ಟು ನಿಮ್ಮ ಮೇಲೆ.

ಆಗ ಬೇಕಾಗುವುದೇ ಬಿಲ್ಲಿಂಗ್ ಸಾಫ್ಟ್‌ವೇರ್. ಆದರೆ ತುಂಬಾ ಜನ ಇದನ್ನು ಕೊಳ್ಳುವುದು ಕ್ಯಾಲ್ಕುಲೇಟರ್ ಕೊಂಡ ಹಾಗೆ. 'ಯಾವುದು ಕಡಿಮೆ ಬೆಲೆ, ಅದು ಕೊಡಿ' ಅಂತ. ತಪ್ಪಾಗೋದು ಇಲ್ಲೇ.

ಸೆರಗಿನ ತುದಿಯ ಗೊಂಚಲು

ಹಿಂದೆ ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರ್ತಿತ್ತು. ಉಗ್ರಾಣ, ಬೀರು, ತಿಜೋರಿ ಎಲ್ಲದರ ಕೀಲಿ ಅದರಲ್ಲೇ. ಹೋಸ್ಟಿಂಗ್ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಕೂಡ ಹಾಗೇ. ಅಂಗಡಿಯ ಬಿಲ್ಲಿಂಗ್ ಯಂತ್ರ ಹಾಳಾದರೆ ಆ ದಿನದ ಲೆಕ್ಕ ಹೋಗಬಹುದು, ಅಷ್ಟೇ. ಇದು ಹಾಗಲ್ಲ. ಗ್ರಾಹಕರು ಹಣ ಕಟ್ಟಿದ ತಕ್ಷಣ ಇದು ಸರ್ವರ್‌ಗೆ ತಾನೇ ಹೇಳಿ ಖಾತೆ ತೆರೆಸುತ್ತದೆ. ಹಣ ಕಟ್ಟದಿದ್ದರೆ ಖಾತೆ ನಿಲ್ಲಿಸುತ್ತದೆ. ಬೇಡವೆಂದರೆ ಅಳಿಸಿಯೂ ಹಾಕುತ್ತದೆ! ಅಂದರೆ ಸರ್ವರ್‌ನ ಕೀಲಿ, ಡೊಮೈನ್ ಮಾರುವ ಖಾತೆಯ ಕೀಲಿ, ಪೇಮೆಂಟ್ ಗೇಟ್‌ವೇ ಕೀಲಿ ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಗ್ರಾಹಕರ ಹೆಸರು, ವಿಳಾಸ, ಮೊಬೈಲ್ ನಂಬರ್, ಅವರು ದೂರು ಬರೆಯುವಾಗ ಸೇರಿಸಿಬಿಡುವ ಪಾಸ್‌ವರ್ಡ್‌ಗಳು ಕೂಡ.

ಇದು ಕಳ್ಳರ ಕೈಗೆ ಸಿಕ್ಕರೆ ಹೋಗುವುದು ನಿಮ್ಮೊಬ್ಬರ ಲೆಕ್ಕವಲ್ಲ. ನಿಮ್ಮನ್ನು ನಂಬಿದ ಅಷ್ಟೂ ಜನರ ವ್ಯಾಪಾರ.

2012ರಲ್ಲಿ ಏನಾಯ್ತು?

ಹೋಸ್ಟಿಂಗ್ ಕ್ಷೇತ್ರದಲ್ಲಿ ಹೆಚ್ಚು ಹೆಸರಾದ ಬಿಲ್ಲಿಂಗ್ ಸಾಫ್ಟ್‌ವೇರ್ ಡಬ್ಲ್ಯುಎಚ್‌ಎಂಸಿಎಸ್. 2012ರ ಮೇ ತಿಂಗಳಲ್ಲಿ ಆ ಸಾಫ್ಟ್‌ವೇರ್ ತಯಾರಿಸುವ ಕಂಪನಿಯ ಮೇಲೇ ದಾಳಿ ನಡೆಯಿತು. ಯಾವುದೋ ದೊಡ್ಡ ತಂತ್ರಜ್ಞಾನ ಬಳಸಿದ್ದಾರೆ ಅಂದ್ಕೊಂಡ್ರಾ? ಇಲ್ಲ. ದಾಳಿಕೋರರು ಆ ಕಂಪನಿಗೆ ಸರ್ವರ್ ಕೊಟ್ಟಿದ್ದ ಸಂಸ್ಥೆಯನ್ನು ಸಂಪರ್ಕಿಸಿ, ತಾವೇ ಕಂಪನಿಯ ಯಜಮಾನರು ಎಂದರು. ಗುರುತು ಖಚಿತಪಡಿಸಿಕೊಳ್ಳಲು ಕೇಳಿದ ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟರು. ಅಲ್ಲಿಂದ ಕೀಲಿ ಅವರ ಕೈ ಸೇರಿತು! ಸುಮಾರು 5 ಲಕ್ಷ ದಾಖಲೆಗಳು ಬಯಲಾದವು. ಅವರು ಸರ್ವರ್‌ನಲ್ಲಿದ್ದುದನ್ನೂ ಅಳಿಸಿದ್ದರಿಂದ, ಅದಕ್ಕೂ ಹಿಂದಿನ 17 ಗಂಟೆಗಳ ಹೊಸ ಆರ್ಡರ್ ಮತ್ತು ಪತ್ರವ್ಯವಹಾರ ಕಳೆದುಹೋಯಿತು.

ಮುಂದಿನ ವರ್ಷ, 2013ರ ಅಕ್ಟೋಬರ್‌ನಲ್ಲಿ ಅದೇ ಸಾಫ್ಟ್‌ವೇರ್‌ನ ಒಳಗಿನ ದೋಷವೊಂದನ್ನು ಯಾರೋ ಬಹಿರಂಗ ಮಾಡಿದರು. ಗ್ರಾಹಕರು ವಿವರ ತುಂಬುವ ಫಾರಂ ಮೂಲಕವೇ ಆಜ್ಞೆ ತುರುಕಿ ಮಾಹಿತಿ ಕದಿಯಬಹುದಾದ ದೋಷ ಅದು. ಕಂಪನಿ ಬೇಗನೇ ತಿದ್ದುಪಡಿ ಬಿಡುಗಡೆ ಮಾಡಿತು. ಆದರೆ ಅದನ್ನು ತಮ್ಮ ಸರ್ವರ್‌ಗೆ ಹಾಕಿಕೊಳ್ಳಬೇಕಾದವರು ಬಳಕೆದಾರರೇ ತಾನೆ? ಹಾಕಿಕೊಳ್ಳದೆ ಕೂತವರಿಗೆ ಅಪಾಯ ಹಾಗೇ ಉಳಿಯಿತು.

ಇದರಿಂದ ಆ ಸಾಫ್ಟ್‌ವೇರ್ ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. ದೋಷವೇ ಇಲ್ಲದ ಸಾಫ್ಟ್‌ವೇರ್ ಇಲ್ಲ. ದೋಷ ಸಿಕ್ಕಾಗ ತಯಾರಕರು ಎಷ್ಟು ಬೇಗ ತಿದ್ದುತ್ತಾರೆ, ಮುಚ್ಚಿಡದೆ ಹೇಳುತ್ತಾರಾ ಎಂಬುದೇ ಮುಖ್ಯ. ಕೊಳ್ಳುವ ಮುನ್ನ ಅವರ ಸುರಕ್ಷತಾ ಪ್ರಕಟಣೆಗಳ ಪಟ್ಟಿ ತೆಗೆದು ಓದಿ. 'ನಮ್ಮಲ್ಲಿ ಇದುವರೆಗೆ ಒಂದೂ ದೋಷ ಬಂದಿಲ್ಲ' ಎನ್ನುವವರಿಗಿಂತ 'ಇಂಥ ದಿನ ಇಂಥ ದೋಷ ಸಿಕ್ತು, ಇಂಥ ದಿನ ಸರಿ ಮಾಡಿದ್ವಿ' ಎನ್ನುವವರನ್ನೇ ನಂಬಿ.

ಮಾರುವವರನ್ನು ಇದನ್ನೆಲ್ಲ ಕೇಳಿ

* ಎರಡು ಹಂತದ ಲಾಗಿನ್ ಇದೆಯೇ? ಪಾಸ್‌ವರ್ಡ್ ಹಾಕಿದ ಮೇಲೆ ಮೊಬೈಲ್‌ನಲ್ಲಿ ಬರುವ ಸಂಖ್ಯೆಯನ್ನೂ ಕೇಳಬೇಕು. ನಿಮಗೆ ಮಾತ್ರವಲ್ಲ, ಸಹಾಯಕ್ಕಿರುವ ಹುಡುಗಿಗೂ ಇದು ಕಡ್ಡಾಯ ಮಾಡುವಂತಿರಬೇಕು.

* ಒಬ್ಬೊಬ್ಬರಿಗೆ ಒಂದೊಂದು ಖಾತೆ, ಬೇಕಾದಷ್ಟೇ ಅಧಿಕಾರ ಕೊಡಬಹುದೇ? ಫೋನ್ ತೆಗೆದುಕೊಳ್ಳುವವರಿಗೆ ಬಿಲ್ ಕಂಡರೆ ಸಾಕು, ಖಾತೆ ಅಳಿಸುವ ಅಧಿಕಾರ ಯಾಕೆ? ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

* ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ ಉಳಿಯುತ್ತದೆಯೇ?

* ಸರ್ವರ್‌ಗೆ ಕೊಡುವ ಕೀಲಿಯ ಅಧಿಕಾರ ಕಡಿತ ಮಾಡಬಹುದೇ? ಸಿಪ್ಯಾನೆಲ್‌ನಂಥ ವ್ಯವಸ್ಥೆಯಲ್ಲಿ ಎಲ್ಲಾ ಅಧಿಕಾರದ ಮುಖ್ಯ ಪಾಸ್‌ವರ್ಡ್ ಬದಲು, ಆಯ್ದ ಕೆಲಸಕ್ಕಷ್ಟೇ ಅನುಮತಿ ಇರುವ ಟೋಕನ್ ಕೊಡಬಹುದು. ಸಾಫ್ಟ್‌ವೇರ್ ಅದನ್ನು ಒಪ್ಪಬೇಕು.

* ಕಳೆದ ಒಂದು ವರ್ಷದಲ್ಲಿ ಎಷ್ಟು ಹೊಸ ಆವೃತ್ತಿ ಬಂದಿವೆ? ವರ್ಷಗಟ್ಟಲೆ ಹೊಸದೇ ಬಂದಿಲ್ಲ ಎಂದರೆ ಆ ಕಡೆ ತಲೆ ಹಾಕಬೇಡಿ.

ಇನ್ನೊಂದು ಮಾತು. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್‌ನ 'ಬೀಗ ಒಡೆದ' ಪ್ರತಿ ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಗುತ್ತದೆ. ಬೀಗ ಒಡೆದವರು ಒಳಗೆ ತಮಗೊಂದು ಹಿತ್ತಲ ಬಾಗಿಲು ಬಿಟ್ಟುಕೊಂಡಿರಬಹುದು. ಅದಕ್ಕೆ ತಿದ್ದುಪಡಿಗಳೂ ಸಿಗೋದಿಲ್ಲ. ಕಾನೂನಿನ ತೊಂದರೆ ಬೇರೆ.

ಕಾರ್ಡ್ ನಂಬರ್ ನಮಗೆ ಬೇಡ

'ಗ್ರಾಹಕರ ಕಾರ್ಡ್ ನಂಬರ್ ಇಟ್ಟುಕೊಂಡರೆ ಮುಂದಿನ ವರ್ಷ ತಾನಾಗೇ ಹಣ ಕಡಿತ ಮಾಡ್ಕೋಬಹುದಲ್ವಾ?' ಎಂಬ ಆಸೆ ಸಹಜ. ಆದರೆ ಭಾರತದಲ್ಲಿ ಹಾಗೆ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ವಿವರ ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಇರಬಹುದು, ಅಷ್ಟೇ. ಉಳಿದದ್ದಕ್ಕೆ ಟೋಕನ್ ಪದ್ಧತಿ ಇದೆ.

ಕಾರ್ಡ್‌ನಿಂದ ಕಂತು ಕಂತಾಗಿ ತಾನಾಗೇ ಹಣ ಪಡೆಯುವುದಕ್ಕೂ 2021ರ ಅಕ್ಟೋಬರ್ 1ರಿಂದ ಬಿಗಿ ನಿಯಮ ಬಂದಿದೆ. ಮೊದಲ ಬಾರಿ ಗ್ರಾಹಕರು ಒಟಿಪಿ ಕೊಟ್ಟು ಒಪ್ಪಿರಬೇಕು. ಪ್ರತಿ ಸಲ ಹಣ ಕಡಿತಕ್ಕೆ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕು. ಒಟಿಪಿ ಇಲ್ಲದೆ ಕಡಿತವಾಗುವ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ₹5,000ದಿಂದ ₹15,000ಕ್ಕೆ ಏರಿಸಿತು.

ಹೊರದೇಶದಲ್ಲಿ ತಯಾರಾದ ಬಹಳಷ್ಟು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಕಾರ್ಡ್ ಉಳಿಸಿಟ್ಟು ಹಣ ಎಳೆಯುವ ಪದ್ಧತಿಗೇ ರೂಪಿಸಿದಂಥವು. ಆದ್ದರಿಂದ ನಮ್ಮ ದೇಶದ ಪೇಮೆಂಟ್ ಗೇಟ್‌ವೇ ಮತ್ತು ಯುಪಿಐ ಜತೆ ಅದು ಹೊಂದುತ್ತದೆಯೇ ಎಂದು ಮೊದಲೇ ಕೇಳಿ. ಹಣ ಕಟ್ಟುವ ಪುಟ ಗೇಟ್‌ವೇಯವರದೇ ಇರಲಿ. ಕಾರ್ಡ್ ನಂಬರ್ ನಿಮ್ಮ ಸರ್ವರ್ ಮೆಟ್ಟಿಲು ಹತ್ತದಿದ್ದರೆ ಕದಿಯೋಕೆ ಅಲ್ಲಿ ಏನೂ ಇರೋದಿಲ್ಲ!

'ಹಣ ಬಂತು' ಎಂದು ಗೇಟ್‌ವೇ ಕಳಿಸುವ ಸಂದೇಶದ ಸಹಿಯನ್ನು ಸಾಫ್ಟ್‌ವೇರ್ ಪರೀಕ್ಷಿಸುತ್ತದೆಯೇ ಎಂಬುದನ್ನೂ ತಿಳಿದ ತಂತ್ರಜ್ಞರಿಂದ ಕೇಳಿಸಿ. ಇಲ್ಲದಿದ್ದರೆ ಯಾರೋ ಸುಳ್ಳು ಸಂದೇಶ ಕಳಿಸಿ, ಒಂದು ಪೈಸೆ ಕಟ್ಟದೆ ಖಾತೆ ತೆರೆಸಿಕೊಂಡಾರು.

ಮೇಲಿನ ಮಹಡಿಗೆ ಕಂಬಿ ಬಿಟ್ಟಿದ್ದಾರಾ?

ನಮ್ಮೂರುಗಳಲ್ಲಿ ಮನೆ ಕಟ್ಟಿಸುವಾಗ ತಾರಸಿ ಮೇಲೆ ಕಬ್ಬಿಣದ ಕಂಬಿ ಬಿಟ್ಟಿರುತ್ತಾರೆ, ನೋಡಿದ್ದೀರಲ್ಲ? ಮುಂದೆ ಮಗನ ಮದುವೆ ಹೊತ್ತಿಗೆ ಮೇಲೊಂದು ಮಹಡಿ ಎಬ್ಬಿಸಬಹುದು ಎಂಬ ಲೆಕ್ಕಾಚಾರ. ಸಾಫ್ಟ್‌ವೇರ್‌ಗೂ ಅಂಥ ಕಂಬಿ ಬಿಟ್ಟಿರಬೇಕು. ಇದನ್ನೇ 'ವಿಸ್ತರಿಸಬಹುದಾದ' ಸಾಫ್ಟ್‌ವೇರ್ ಎನ್ನುವುದು. ಹೊಸ ಗೇಟ್‌ವೇ, ಹೊಸ ಸರ್ವರ್, ವಾಟ್ಸ್‌ಆ್ಯಪ್ ಸೂಚನೆ, ಕನ್ನಡದಲ್ಲಿ ಬಿಲ್ ಯಾವುದನ್ನೇ ಸೇರಿಸುವುದಾದರೂ ಮಾಡ್ಯೂಲ್ ರೂಪದಲ್ಲಿ ಬೇರೆಯಾಗಿ ಜೋಡಿಸುವಂತಿರಬೇಕು. ಒಳಗಿನ ಮೂಲ ಫೈಲ್ ತಿದ್ದಿದರೆ ಮುಂದಿನ ಆವೃತ್ತಿ ಹಾಕಿದ ದಿನ ನೀವು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಆ ಭಯಕ್ಕೆ ಹೊಸ ಆವೃತ್ತಿ ಹಾಕದೇ ಕೂತರೆ ಸುರಕ್ಷತೆಗೆ ಕುತ್ತು. ನೋಡಿ, ವಿಸ್ತರಣೆ ಮತ್ತು ಸುರಕ್ಷತೆ ಎರಡೂ ಒಂದಕ್ಕೊಂದು ಹೀಗೆ ಗಂಟು ಬಿದ್ದಿವೆ.

ಈ ಕಂಬಿಯ ಬೆಲೆ 2019ರಲ್ಲಿ ಹಲವರಿಗೆ ಗೊತ್ತಾಯಿತು. ಸರ್ವರ್ ನಿರ್ವಹಣೆಗೆ ಬಹಳ ಜನ ಬಳಸುವ ಸಿಪ್ಯಾನೆಲ್, ಆ ವರ್ಷದ ಜೂನ್‌ನಲ್ಲಿ ಬೆಲೆ ಪದ್ಧತಿ ಬದಲಿಸಿತು. ಒಂದು ಸರ್ವರ್‌ಗೆ ಇಷ್ಟು ಎನ್ನುವ ಬದಲು, ಖಾತೆಗಳ ಸಂಖ್ಯೆಯ ಮೇಲೆ ಶುಲ್ಕ ಅಂದಿತು. ಒಂದೇ ಸರ್ವರ್‌ನಲ್ಲಿ ನೂರಾರು ಪುಟ್ಟ ಖಾತೆ ಇಟ್ಟುಕೊಂಡವರಿಗೆ ಖರ್ಚು ಏರಿತು. ಯಾರ ಬಿಲ್ಲಿಂಗ್ ಸಾಫ್ಟ್‌ವೇರ್ ಡೈರೆಕ್ಟ್‌ಅಡ್ಮಿನ್, ಪ್ಲೆಸ್ಕ್ ಮುಂತಾದ ಬೇರೆ ಪ್ಯಾನೆಲ್‌ಗಳ ಜತೆಗೂ ಮಾತಾಡುತ್ತಿತ್ತೋ ಅವರಿಗೆ ಬೇರೆ ದಾರಿ ಇತ್ತು. ಒಂದನ್ನೇ ನೆಚ್ಚಿಕೊಂಡವರು ಕೇಳಿದಷ್ಟು ಕೊಡಬೇಕಾಯಿತು.

ಜಿಎಸ್‌ಟಿ ಪರೀಕ್ಷೆ

ಸಾಫ್ಟ್‌ವೇರ್ ನಮ್ಮ ದೇಶಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯೋಕೆ ಜಿಎಸ್‌ಟಿ ಬಿಲ್ ಒಳ್ಳೆ ಒರೆಗಲ್ಲು. ಸೇವೆಗಳಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ನೋಂದಣಿ ಬೇಕು. ನೋಂದಣಿ ಇಲ್ಲದವರು ಬಿಲ್‌ನಲ್ಲಿ ತೆರಿಗೆ ಹಾಕಿ ವಸೂಲಿ ಮಾಡುವಂತಿಲ್ಲ. ಆದ್ದರಿಂದ ಇವತ್ತು ತೆರಿಗೆ ಇಲ್ಲದ ಬಿಲ್, ನಾಳೆ ನೋಂದಣಿಯಾದ ದಿನದಿಂದ ತೆರಿಗೆ ಬಿಲ್, ಹೀಗೆ ಎರಡೂ ಬರಬೇಕು.

ಒಂದು ಉದಾಹರಣೆ ನೋಡಿ. ನಿಮ್ಮ ಕಂಪನಿ ಕರ್ನಾಟಕದ್ದು, ನೋಂದಣಿ ಆಗಿದೆ, ಪ್ಲಾನ್ ಬೆಲೆ ₹2,500. ಶೇ 18ರಂತೆ ತೆರಿಗೆ ₹450, ಒಟ್ಟು ₹2,950. ಗ್ರಾಹಕರು ಧಾರವಾಡದವರಾದರೆ ಆ ₹450 ಎರಡಾಗಿ ಒಡೆದು ಸಿಜಿಎಸ್‌ಟಿ ₹225, ಎಸ್‌ಜಿಎಸ್‌ಟಿ ₹225 ಎಂದು ಬರಬೇಕು. ಮುಂಬೈಯವರಾದರೆ ಐಜಿಎಸ್‌ಟಿ ₹450 ಎಂದೇ ಬರಬೇಕು. ಗ್ರಾಹಕರ ರಾಜ್ಯ ನೋಡಿ ಸಾಫ್ಟ್‌ವೇರ್ ಇದನ್ನು ತಾನೇ ಮಾಡಬೇಕು. ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ರಾಜ್ಯ ಹೇಳುತ್ತದೆ, ಕರ್ನಾಟಕದ್ದು 29. ಬಿಲ್ ಸಂಖ್ಯೆ ಆ ಹಣಕಾಸು ವರ್ಷದಲ್ಲಿ ಕ್ರಮವಾಗಿ ಸಾಗಬೇಕು, 16 ಅಕ್ಷರ ಮೀರಬಾರದು. ಹೋಸ್ಟಿಂಗ್ ಸೇವೆಯ ಕೋಡ್ 998315 ಹಾಕುವ ಜಾಗ ಇರಬೇಕು. ಅಮೆರಿಕದ ಯಾವುದೋ ಕನ್ನಡ ಕೂಟದ ವೆಬ್‌ಸೈಟ್ ನಿಮ್ಮಲ್ಲಿದ್ದು ಡಾಲರ್‌ನಲ್ಲಿ ಹಣ ಬರುವುದಾದರೆ ಅದರ ಬಿಲ್ ಬೇರೆ ರೀತಿ. ಆ ಬಗ್ಗೆ, ಹಾಗೂ ನೀವು ಸಾಫ್ಟ್‌ವೇರ್‌ಗೆ ಡಾಲರ್‌ನಲ್ಲಿ ಕೊಡುವ ಶುಲ್ಕದ ತೆರಿಗೆ ಬಗ್ಗೆ ನಿಮ್ಮ ಆಡಿಟರ್‌ರನ್ನು ಕೇಳಿಬಿಡಿ.

ಕಂಪನಿ ಗ್ರಾಹಕರು ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಡುವುದುಂಟು. ಆಗ 'ಬಾಕಿ ಇದೆ' ಅಂತ ಅವರ ಸೈಟ್ ನಿಲ್ಲಿಸಿಬಿಟ್ಟರೆ ಮರ್ಯಾದೆ ಪ್ರಶ್ನೆ! ಟಿಡಿಎಸ್ ಬರೆದುಕೊಂಡು ಬಿಲ್ ಚುಕ್ತಾ ಮಾಡುವ ದಾರಿ ಇದೆಯೇ ನೋಡ್ಕೊಳ್ಳಿ.

ಯಾವುದು ಕೊಳ್ಳೋದು?

ಡಬ್ಲ್ಯುಎಚ್‌ಎಂಸಿಎಸ್‌ಗೆ ಮಾಡ್ಯೂಲ್‌ಗಳು ಹೇರಳ, ಗೊತ್ತಿರುವ ತಂತ್ರಜ್ಞರೂ ಸುಲಭವಾಗಿ ಸಿಗುತ್ತಾರೆ. ಆದರೆ ಅದರ ಮೂಲ ಕೋಡ್ ಮುಚ್ಚಿದ ಡಬ್ಬಿ. ಶುಲ್ಕವೂ ಗ್ರಾಹಕರ ಸಂಖ್ಯೆ ಏರಿದ ಹಾಗೆ ಏರುತ್ತದೆ. ಇವತ್ತಿನ ಗ್ರಾಹಕರ ಲೆಕ್ಕವಲ್ಲ, ಮೂರು ವರ್ಷದ ನಂತರದ ಲೆಕ್ಕ ಹಾಕಿ ನೋಡಿ. ಬ್ಲೆಸ್ಟಾ ತನ್ನ ಕೋಡ್‌ನ ಬಹುಪಾಲನ್ನು ತೆರೆದಿಟ್ಟಿದೆ. ಒಳಗೆ ಏನಿದೆ ಎಂದು ನಿಮ್ಮ ತಂತ್ರಜ್ಞರು ಓದಬಹುದು, ಮಾಡ್ಯೂಲ್ ಬರೆಯುವುದೂ ಸುಲಭ. ಮಾಡ್ಯೂಲ್‌ಗಳ ಸಂಖ್ಯೆ ಮಾತ್ರ ಕಡಿಮೆ. ಫಾಸ್‌ಬಿಲ್ಲಿಂಗ್ ಮುಕ್ತ ತಂತ್ರಾಂಶ, ಬಳಕೆಗೆ ದುಡ್ಡಿಲ್ಲ. ಇದು ಹುಟ್ಟಿದ್ದೇ ಬಾಕ್ಸ್‌ಬಿಲ್ಲಿಂಗ್ ಎಂಬ ಹಳೆಯ ತಂತ್ರಾಂಶದ ಕೆಲಸ ಸೊರಗಿದಾಗ, 2022ರಲ್ಲಿ ಅದರ ಕೋಡ್ ಹಿಡಿದು. ಮುಕ್ತ ತಂತ್ರಾಂಶದ ಲಾಭವೇ ಇದು. ಒಬ್ಬರು ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಆದರೆ ರಾತ್ರಿ ಹತ್ತಕ್ಕೆ ತೊಂದರೆಯಾದರೆ ಫೋನ್ ಮಾಡೋಕೆ ಯಾರೂ ಇರೋದಿಲ್ಲ. ಕೈಗೆ ಸಿಗುವ ತಂತ್ರಜ್ಞರು ಹತ್ತಿರವಿದ್ದರೆ ಮಾತ್ರ ಈ ದಾರಿ.

ಗ್ರಾಹಕರು ಮೂವತ್ತರ ಒಳಗಿದ್ದರೆ? ಅವಸರ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಸಾಧಾರಣ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಮಾಡಿ, ಸರ್ವರ್ ಖಾತೆಗಳನ್ನು ಕೈಯಾರೆ ತೆರೆಯಿರಿ. ಗೊಂಚಲು ಒಂದೇ ಕಡೆ ಇಲ್ಲದಿರುವುದೇ ದೊಡ್ಡ ರಕ್ಷಣೆ.

ಕೊಳ್ಳುವ ಮೊದಲು ಓಡಿಸಿ ನೋಡಿ

ಸೀರೆಯನ್ನು ಬೆಳಕಿಗೆ ಹಿಡಿದು ನೋಡದೆ ಕೊಳ್ತೀವಾ? ಹಾಗೇ ಇದನ್ನೂ ಪ್ರಾಯೋಗಿಕ ಅವಧಿಯಲ್ಲಿ ಹತ್ತು ಸುಳ್ಳು ಗ್ರಾಹಕರ ಹೆಸರಲ್ಲಿ ಓಡಿಸಿ.

1. ಏಪ್ರಿಲ್ 1ಕ್ಕೆ ₹2,400ರ ಪ್ಲಾನ್ ಕೊಂಡವರು ಸರಿಯಾಗಿ ಆರು ತಿಂಗಳ ಮೇಲೆ ₹4,800ರ ಪ್ಲಾನ್‌ಗೆ ಬದಲಾಗಲಿ. ಹಳೆಯದರಲ್ಲಿ ಉಳಿದದ್ದು ₹1,200, ಹೊಸದರ ಆರು ತಿಂಗಳಿಗೆ ₹2,400. ವ್ಯತ್ಯಾಸ ₹1,200, ತೆರಿಗೆ ₹216, ಒಟ್ಟು ₹1,416. ಸಾಫ್ಟ್‌ವೇರ್ ದಿನದ ಲೆಕ್ಕದಲ್ಲಿ ಹಾಕಿದರೆ ಕೆಲವು ರೂಪಾಯಿ ಆಚೀಚೆ ಆಗಬಹುದು. ಅದಕ್ಕಿಂತ ಹೆಚ್ಚು ತಪ್ಪಿದರೆ ಯಾಕೆ ಎಂದು ಕೇಳಿ.

2. ಹಣ ವಾಪಸ್ ಕೊಟ್ಟು ನೋಡಿ. ಹಳೆಯ ಬಿಲ್ ಅಳಿಸಬಾರದು, ಕ್ರೆಡಿಟ್ ನೋಟ್ ಬರಬೇಕು.

3. ಡೊಮೈನ್ ಮುಗಿಯುವ ಸೂಚನೆ ಪರೀಕ್ಷಿಸಿ. ಡಾಟ್ ಕಾಂ ಥರದ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ ಐದು ದಿನದೊಳಗೆ ಮತ್ತೊಮ್ಮೆ ಸೂಚನೆ ಹೋಗಬೇಕೆಂದು ಐಕಾನ್ ಸಂಸ್ಥೆಯ ನಿಯಮವಿದೆ. ನಿಮ್ಮ ಕಡೆಯಿಂದ ಎಸ್‌ಎಂಎಸ್ ಕೂಡ ಹೋದರೆ ಇನ್ನೂ ಒಳ್ಳೆಯದು. ಕಳೆದುಹೋದ ಹೆಸರು ಬಿಡಿಸಿಕೊಳ್ಳುವ ದಂಡ, ನವೀಕರಣ ಶುಲ್ಕದ ಎಷ್ಟೋ ಪಟ್ಟು ಇರುತ್ತದೆ.

4. ಎಲ್ಲಾ ಮಾಹಿತಿಯನ್ನೂ ಹೊರತೆಗೆದು ಎಕ್ಸೆಲ್‌ನಲ್ಲಿ ತೆರೆಯಿರಿ. ಗ್ರಾಹಕರು, ಬಿಲ್‌ಗಳು, ಮುಗಿಯುವ ದಿನಾಂಕಗಳು ಸರಿಯಾಗಿ ಬಂದವೇ? ಹೊರಗೆ ಬರುವ ಬಾಗಿಲು ಇಲ್ಲದ ಮನೆಗೆ ಹೋಗಬಾರದು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. ಸಾಫ್ಟ್‌ವೇರ್ ಬದಲಾದರೂ ಲೆಕ್ಕ ಉಳಿಯಬೇಕಲ್ಲ!

5. ಬ್ಯಾಕಪ್‌ನಿಂದ ಎಲ್ಲವನ್ನೂ ಬೇರೆ ಕಂಪ್ಯೂಟರ್‌ನಲ್ಲಿ ಮತ್ತೆ ಎಬ್ಬಿಸಿ ನೋಡಿ. ಎಬ್ಬಿಸಿ ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಕಾನೂನಿನ ಕಣ್ಣು

ಪುಟ್ಟ ಕಂಪನಿ, ನಮ್ಮನ್ನು ಯಾರು ಕೇಳ್ತಾರೆ ಅನ್ನಬೇಡಿ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ದಾಖಲೆಗಳನ್ನು 180 ದಿನ ಇಡಬೇಕು. ವಿಪಿಎಸ್ ಅಂದರೆ ವರ್ಚುವಲ್ ಸರ್ವರ್ ಮಾರುವವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ವಿವರಗಳನ್ನು ಪರಿಶೀಲಿಸಿ, ಅವರು ಬಿಟ್ಟುಹೋದ ಮೇಲೂ 5 ವರ್ಷ ಉಳಿಸಿಕೊಳ್ಳಬೇಕು. ಇಷ್ಟನ್ನೂ ಮಾಡಿಕೊಡುವ ಸಾಫ್ಟ್‌ವೇರ್ ಇದ್ದರೆ ಅರ್ಧ ತಲೆನೋವು ಕಡಿಮೆ.

ನೆನಪಿರಲಿ

* ಬಿಲ್ಲಿಂಗ್ ಸಾಫ್ಟ್‌ವೇರ್ ಗ್ರಾಹಕರ ವೆಬ್‌ಸೈಟ್‌ಗಳಿರುವ ಸರ್ವರ್‌ನಲ್ಲೇ ಬೇಡ. ಬೇರೆ ಜಾಗದಲ್ಲಿಡಿ. ಬ್ಯಾಕಪ್ ಮತ್ತೊಂದು ಕಡೆ ಇರಲಿ.
* ಸುರಕ್ಷತಾ ತಿದ್ದುಪಡಿ ಬಂದರೆ 'ಭಾನುವಾರ ನೋಡೋಣ' ಅನ್ನಬೇಡಿ. ಅವತ್ತೇ ಹಾಕಿ.
* ಫೋನ್‌ನಲ್ಲಿ ಯಾರೇ ಪಾಸ್‌ವರ್ಡ್ ಬದಲಿಸಿಕೊಡಿ ಎಂದರೂ, ದನಿ ಪರಿಚಿತವೇ ಇದ್ದರೂ, ದಾಖಲೆಯಲ್ಲಿರುವ ನಂಬರ್‌ಗೆ ನೀವೇ ವಾಪಸ್ ಕರೆ ಮಾಡಿ.
* ಗ್ರಾಹಕರಿಗೆ ದೂರಿನಲ್ಲಿ ಪಾಸ್‌ವರ್ಡ್ ಬರೆಯಬೇಡಿ ಅಂತ ಹೇಳಿ. ಬರೆದಿದ್ದರೆ ಕೆಲಸ ಮುಗಿದ ಕೂಡಲೇ ಬದಲಿಸಲು ತಿಳಿಸಿ.
* ಕೆಲಸ ಬಿಟ್ಟವರ ಖಾತೆ ಅದೇ ದಿನ ಮುಚ್ಚಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ? ಇವತ್ತು ಸಂಜೆ ಬಿಡುವು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಿಮ್ಮ ಕಂಪನಿಯ ಕೀಲಿಗಳು ಯಾವುವು, ಎಲ್ಲಿವೆ, ಯಾರ ಯಾರ ಕೈಲಿವೆ? ಆ ಹಾಳೆ ತುಂಬಿದ ಮೇಲೆ ಸಾಫ್ಟ್‌ವೇರ್ ಮಾರುವವರಿಗೆ ಫೋನ್ ಮಾಡಿ. ಆಗ ಪ್ರಶ್ನೆ ಕೇಳುವವರು ನೀವು, ಉತ್ತರ ಹುಡುಕಬೇಕಾದವರು ಅವರು.